ಸಾಲಿನ ಮೇಲಿನ ಹೆಸರು

ಮದಾಲೊ ಚಿರ್ವಾಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಬೇರೆಯವರ ಬಾಯಿಂದ ನೀವಿದನ್ನು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಅವಳು ನನಗೆ ಯಾವ ಕೆಡುಕನ್ನೂ ಮಾಡಿರಲಿಲ್ಲ. ಒಂದಿಷ್ಟು ಮಾಡಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ನಮ್ಮೂರು ಜೊಂಬಾದಲ್ಲಿ ಒಂದು ಶನಿವಾರದ ಗುಂಪಿದೆ. ಆಸ್ಪತ್ರೆಯ ದಾಖಲೆ ನೋಡಿಕೊಳ್ಳುವವರು, ಕೆರೆಯ ಮೀನಿನ ಲೆಕ್ಕ ಇಡುವವರು, ಇಬ್ಬರು ಮೂವರು ಮೇಷ್ಟ್ರುಗಳು, ಒಟ್ಟಿನಲ್ಲಿ ಅಂಕಿ ಅಂಶಗಳ ಜೊತೆ ದಿನವೂ ಗುದ್ದಾಡುವ ಮೂವತ್ತು ಮಂದಿ. ಮಾರುಕಟ್ಟೆಯ ಹಿಂದಿನ ಶಾಲೆಯಲ್ಲಿ ಸೇರಿ, ಆರ್ ಎಂಬ ತಂತ್ರಾಂಶದಲ್ಲಿ ಕೋಡ್ ಬರೆಯುವುದನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತೇವೆ. ಫೀಸಿಲ್ಲ, ಸರ್ಟಿಫಿಕೇಟೂ ಇಲ್ಲ. ಚಹಾ ಇರುತ್ತದೆ, ಬಿಸಿಬಿಸಿ ಕರಿದ ಮಂದಾಸಿ ಇರುತ್ತದೆ, ಎಲ್ಲರ ಕೀಬೋರ್ಡಿಗೂ ಅದರ ಎಣ್ಣೆ ಮೆತ್ತಿಕೊಂಡಿರುತ್ತದೆ.

ಇರುವ ನಿಯಮ ಒಂದೇ. ಇನ್ನೊಬ್ಬರಿಂದ ಕಲಿತ ಸಾಲನ್ನು ನಿಮ್ಮ ಕೋಡಿನಲ್ಲಿ ಬಳಸಿದರೆ, ಅದರ ಮೇಲೆ ಹ್ಯಾಶ್ ಗುರುತು ಹಾಕಿ ಕಲಿಸಿದವರ ಹೆಸರು ಬರೆಯಬೇಕು. ತಪ್ಪು ತಿದ್ದಿದರೆ, ಆ ತಪ್ಪನ್ನು ಮೊದಲು ಕಂಡವರ ಹೆಸರನ್ನು ಬರೆಯಬೇಕು. ಹ್ಯಾಶ್ ಇರುವ ಸಾಲನ್ನು ಯಂತ್ರ ಓದುವುದಿಲ್ಲ, ಮನುಷ್ಯರು ಮಾತ್ರ ಓದುತ್ತಾರೆ. ಫೈಲುಗಳೆಲ್ಲ ಎಲ್ಲರಿಗೂ ಸಿಗುವಂತೆ ಒಂದೇ ಕಡೆ ಇರುವುದರಿಂದ ಸಾಲು ಹೋದಲ್ಲೆಲ್ಲ ಹೆಸರೂ ಹೋಗುತ್ತದೆ.

ಆರು ವರ್ಷ ಹಾಗೆ ಊರೂರು ತಿರುಗಿದ್ದು ನನ್ನ ಹೆಸರು, ಎನಿಫಾ ಮಲುಂಗಾ. ಹೊಸಬರ ತರಗತಿ ನನ್ನದಾಗಿತ್ತಲ್ಲ. ಯಾರ ಫೈಲು ಕೈಗೆ ಸಿಕ್ಕಿದರೂ ಅದರಲ್ಲಿ ಮೊದಲು ಹುಡುಕುತ್ತಿದ್ದದ್ದು ನನ್ನ ಹೆಸರನ್ನೇ. ನಾಚಿಕೆಯ ವಿಷಯವೇ, ಆದರೆ ಆ ಸುಖ ಅನುಭವಿಸಿದವರಿಗೇ ಗೊತ್ತು.

ಹೀಗಿರುವಾಗ ಎಂಟು ತಿಂಗಳ ಹಿಂದೆ ಮುಜುಜುವಿನಿಂದ ಈ ಹುಡುಗಿ ಬಂದಳು. ಪರದೆ ಒಡೆದ ಲ್ಯಾಪ್‌ಟಾಪು, ಬಾಯಿ ತುಂಬ ಪ್ರಶ್ನೆ. ಎರಡು ತಿಂಗಳು ಪ್ರಶ್ನೆ ಕೇಳಿದಳು, ಮೂರನೆಯ ತಿಂಗಳಿಂದ ಉತ್ತರ ಕೊಡತೊಡಗಿದಳು. ವಾಟ್ಸಾಪಿನಲ್ಲಿ ಯಾರಾದರೂ ಏನಾದರೂ ಕೇಳಿದರೆ, ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಅವಳ ಉತ್ತರ ಬಂದಿರುತ್ತಿತ್ತು. ಅದೂ ಏನೆಂದು? 'ಮಾಯಿ ಮಲುಂಗಾ ಹೇಳಿಕೊಟ್ಟ ಹಾಗೆ' ಎಂದು, ಅಮ್ಮ ಅನ್ನುವಂಥ ಗೌರವದ ಮಾಯಿ ಸೇರಿಸಿ ಶುರು ಮಾಡಿ, ನನಗೆ ಗೊತ್ತೇ ಇಲ್ಲದ್ದನ್ನು ಹೇಳುತ್ತಿದ್ದಳು. ಫೈಲುಗಳಲ್ಲಿ ನನ್ನ ಹೆಸರಿನ ಪಕ್ಕಪಕ್ಕದಲ್ಲೇ ಅವಳ ಹೆಸರು ಕಾಣಿಸತೊಡಗಿತು. ನನ್ನ ಹೊಟ್ಟೆ ಧಗಧಗ ಉರಿಯಿತು.

ಗುಂಪಿನ ಹಿರಿಯರು ಬಾಂಬೊ ಕಮ್ವೆಂದೊ, ಬಾಂಬೊ ಅಂದರೆ ನಮ್ಮಲ್ಲಿ ಅಪ್ಪಾ ಅಂದ ಹಾಗೆ. ಒಂದು ಶನಿವಾರ ಚಹಾ ಕುಡಿಯುತ್ತಾ ನನ್ನ ಪಕ್ಕಕ್ಕೆ ಬಂದರು.

"ಮಾಯಿ ಮಲುಂಗಾ, ಜನವರಿಯಿಂದ ಹೊಸಬರ ತರಗತಿ ಮದಾಲೊಗೆ ಕೊಟ್ರೆ ಹೇಗೆ? ನಿಮಗೂ ಒಂಚೂರು ಬಿಡುವು ಸಿಗತ್ತೆ."

"ನಾನು ಬಿಡುವು ಬೇಕು ಅಂತ ಯಾವಾಗ ಕೇಳಿದೆ ಬಾಂಬೊ?"

ಅವರು ನಕ್ಕು, ಮುಂದಿನ ಶನಿವಾರ ಅವಳು ಎಲ್ಲರ ಮುಂದೆ ಒಂದು ಪಾಠ ಮಾಡಲಿ, ಅದನ್ನು ನೋಡಿ ತೀರ್ಮಾನಿಸೋಣ ಎಂದರು. ಆ ತರಗತಿ ಹೋದರೆ ನನಗೆ ಉಳಿಯುವುದೇನು? ಹಿಂದಿನ ಬೆಂಚು, ಮಂದಾಸಿ. ಆ ವಾರವೆಲ್ಲ ಆಫೀಸಿನಲ್ಲಿ ಎಲ್ಲರ ಮೇಲೂ ರೇಗಾಡಿದೆ.

ಬುಧವಾರ ಮಧ್ಯಾಹ್ನ ಅವಳದೇ ಸಂದೇಶ ಬಂತು, ಜೊತೆಗೊಂದು ಪಟ್ಟಿ. "ಮಾಯಿ, ಶನಿವಾರ ಇದನ್ನ ತೋರಿಸ್ಬೇಕು ಅಂತಿದೀನಿ. ನೀವು ಒಂದ್ಸಲ ನೋಡಿದ್ರೆ ನಂಗೆ ಧೈರ್ಯ."

ಬಸುರಿಯರು ಸರಾಸರಿ ಎಷ್ಟು ಸಲ ಕ್ಲಿನಿಕ್ಕಿಗೆ ಹೋಗುತ್ತಾರೆ ಎಂಬ ಪಟ್ಟಿ, ಜಿಲ್ಲೆವಾರು. ಒಂದು ಜಿಲ್ಲೆಯ ಎದುರಿಗೆ ಹನ್ನೊಂದು ಎಂದಿತ್ತು. ನಾನು ಮೂರು ಹೆತ್ತವಳು. ನಮ್ಮ ಕಡೆ ಹೊಟ್ಟೆ ಹೊತ್ತುಕೊಂಡು ನಾಲ್ಕು ಸಲ ಅಷ್ಟು ದೂರ ನಡೆದು ಹೋದರೆ ಅದೇ ಹೆಚ್ಚು. ಸಂಗತಿ ತಕ್ಷಣ ಹೊಳೆಯಿತು. ಇಂಥ ಸಮೀಕ್ಷೆಗಳಲ್ಲಿ 'ನೆನಪಿಲ್ಲ' ಎಂದವರ ಎದುರು 99 ಎಂದು ಬರೆದುಕೊಳ್ಳುತ್ತಾರೆ. ಲೆಕ್ಕಕ್ಕೆ ಮೊದಲು ಅದನ್ನು ತೆಗೆಯಬೇಕು. ಇವಳು ತೆಗೆದಿರಲಿಲ್ಲ, ಹಾಗಾಗಿ ಆ ಹೆಂಗಸರೆಲ್ಲ ತೊಂಬತ್ತೊಂಬತ್ತು ಸಲ ಕ್ಲಿನಿಕ್ಕಿಗೆ ಹೋದರೆಂದು ಯಂತ್ರ ನಂಬಿಬಿಟ್ಟಿತ್ತು.

'99 ತೆಗೆದೆಯಾ?' ಎಂದು ಬರೆದೆ. ಕಳಿಸಲಿಲ್ಲ. ಒಂದೊಂದೇ ಅಕ್ಷರ ಅಳಿಸಿ, 'ಚೆನ್ನಾಗಿದೆ' ಎಂದು ಬರೆದು ಕಳಿಸಿದೆ. ಬಹಳ ಸಂತೋಷವಾಯಿತು. ಅಂದು ಊಟಕ್ಕೆ ನ್ಸಿಮಾ ಮುದ್ದೆ ಎರಡು ಸಲ ಹಾಕಿಸಿಕೊಂಡೆ.

ಶನಿವಾರ ಮುಂದಿನ ಬೆಂಚಿನಲ್ಲೇ ಹೋಗಿ ಕುಳಿತೆ. ಮದಾಲೊ ಪಾಠ ಚೆನ್ನಾಗಿಯೇ ಮಾಡಿದಳು. ನನಗೂ ಒಂದು ಹೊಸ ವಿಷಯ ತಿಳಿಯಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಕೊನೆಗೆ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಪಟ್ಟಿ ಬಂತು. ಹೊಸದಾಗಿ ಸೇರಿದ್ದ ಸೂಲಗಿತ್ತಿ ನರ್ಸ್ ಒಬ್ಬರು ಕೈ ಎತ್ತಿ, ಹನ್ನೊಂದು ಸಲ ಬರುವ ಬಸುರಿಯರು ಯಾವ ಊರಲ್ಲಿದ್ದಾರೆ, ನನಗೂ ಅಲ್ಲಿಗೇ ವರ್ಗ ಮಾಡಿಸಿಕೊಡಿ ಎಂದರು. ಕೋಣೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಮದಾಲೊ ಗಾಬರಿಯಾಗಿ ಕೋಡ್ ತೆರೆದಳು. ಖಾಲಿ ಉತ್ತರಗಳನ್ನು ತೆಗೆದುಹಾಕುವ ಸಾಲಿನ ಮೇಲೆ, ಗೋಡೆಯಗಲಕ್ಕೆ, 'ಮಾಯಿ ಮಲುಂಗಾ ಕಲಿಸಿದ್ದು' ಎಂದಿತ್ತು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದೆ. ನಾನು ಆ ಸಾಲನ್ನು ಕಲಿಸಿದ್ದು ನಮ್ಮ ಹಳೆಯ ಫಾರಂಗಳಿಗೆ. ಅವುಗಳಲ್ಲಿ ಉತ್ತರವಿಲ್ಲದ ಜಾಗ ಖಾಲಿಯೇ ಇರುತ್ತಿತ್ತು. ಅದು 99 ಅನ್ನು ಹಿಡಿಯುವುದಿಲ್ಲ.

"ಮಾಯಿ, ನಿಮ್ಮ ಬಲೇಲಿ ತೂತು ಬಿದ್ದಿದೆ," ಎಂದರು ಬಾಂಬೊ ಕಮ್ವೆಂದೊ.

ಮದಾಲೊ ತಲೆಯಾಡಿಸಿದಳು. ಸಾಲು ಸರಿಯಾಗಿಯೇ ಇದೆ, ಡೇಟಾ ನೋಡದೆ ಹಾಕಿದ್ದು ತನ್ನ ತಪ್ಪು ಎಂದಳು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ?

"ಬುಧವಾರ ಮಾಯಿಗೂ ತೋರಿಸಿದ್ದೆ. ಪಾಪ, ಅವರ ಕಣ್ಣಿಗೇ ಬೀಳ್ಲಿಲ್ಲ, ಇನ್ನು ನಂಗೆಲ್ಲಿ ಕಾಣತ್ತೆ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನನ್ನ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದಳು. ವಯಸ್ಸಾಗುತ್ತಾ ಎಲ್ಲರಿಗೂ ಹೀಗೇ, ಅದಕ್ಕೇ ಬಿಡುವು ತೆಗೆದುಕೊಳ್ಳಿ ಎಂದಿದ್ದು ಎಂದು ಬಾಂಬೊ ಮೆಲ್ಲಗೆ ಹೇಳಿದರು. ಆ ನರ್ಸಮ್ಮ ನನ್ನ ಮುಂದೆ ಒಂದು ಮಂದಾಸಿ ತಂದಿಟ್ಟರು.

ಬಾಯಿ ಮುಚ್ಚಿಕೊಂಡು ಆ ಮಂದಾಸಿ ತಿಂದಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ನನ್ನ ಕಣ್ಣಿಗೆ ಬೀಳಲಿಲ್ಲವಂತೆ! ಇವರಿಗೆಲ್ಲ ಅಕ್ಷರ ತಿದ್ದಿಸಿದ ಎನಿಫಾ ಮಲುಂಗಾಳ ಕಣ್ಣಿಗೆ! ಮೈಯೆಲ್ಲ ಉರಿದುಹೋಯಿತು.

"ಬಿದ್ದಿತ್ತು," ಎಂದೆ. "ಬುಧವಾರಾನೇ ಬಿದ್ದಿತ್ತು. ನೋಡಿದ ಒಂದು ನಿಮಿಷಕ್ಕೇ ಗೊತ್ತಾಯ್ತು, 99 ತೆಗೆದಿಲ್ಲ ಅಂತ."

ಆಡಿದ ಮೇಲೆ ಆ ಮಾತಿನ ಅರ್ಥ ನನಗೇ ಕೇಳಿಸಿತು. ಬಾಂಬೊ ತಮ್ಮ ಲೋಟದೊಳಗೆ ನೋಡುತ್ತಾ ಕುಳಿತರು.

"ನೋಡಿದ್ರಾ ಮಾಯಿ?" ಎಂದಳು ಮದಾಲೊ.

ನಾನು ಮಂದಾಸಿಯನ್ನು ಪಕ್ಕಕ್ಕೆ ಸರಿಸಿದೆ. ಅವಳು ಮತ್ತೆ ಕೇಳದೆ ಲ್ಯಾಪ್‌ಟಾಪಿನತ್ತ ತಿರುಗಿ ಸಾಲು ತಿದ್ದಿದಳು. ಗೋಡೆಯ ಮೇಲೆ ಹನ್ನೊಂದು ಇದ್ದಲ್ಲಿ ನಾಲ್ಕಕ್ಕೂ ಕಡಿಮೆ ಬಂತು. ನಂತರ ನಿಯಮದಂತೆ ಹ್ಯಾಶ್ ಗುರುತು ಹಾಕಿ, ಅದರ ಮುಂದೆ ನಿಧಾನವಾಗಿ ಬರೆದಳು: 'ಈ ತಪ್ಪನ್ನು ಮೊದಲು ಕಂಡವರು ಎನಿಫಾ ಮಲುಂಗಾ, ಬುಧವಾರ.' ಹೆಸರಿನ ಹಿಂದೆ ಮಾಯಿ ಎಂದು ಸೇರಿಸಲಿಲ್ಲ. ಫೈಲನ್ನು ಎಲ್ಲರಿಗೂ ಸಿಗುವ ಜಾಗದಲ್ಲಿ ಹಾಕಿ ಕುಳಿತುಕೊಂಡಳು.

ಜನವರಿಯಿಂದ ಹೊಸಬರ ತರಗತಿ ಅವಳದೇ. ಮೊದಲ ದಿನ ಎಲ್ಲರಿಗೂ ಹಂಚುವುದು ಅದೇ ಫೈಲು. ಬ್ಲಾಂಟೈರಿನವರು ತೆಗೆದುಕೊಂಡಿದ್ದಾರೆ, ರಾಜಧಾನಿ ಲಿಲೊಂಗ್ವೆಯವರೂ ತೆಗೆದುಕೊಂಡಿದ್ದಾರಂತೆ. ಬುಧವಾರ ಏನಾಯಿತು ಎಂದು ಹೊಸಬರು ಕೇಳಿದರೆ ಅವಳು ಏನೂ ಹೇಳುವುದಿಲ್ಲ, ಉಳಿದವರು ಹೇಳುತ್ತಾರೆ. ನಾನು ಈಗಲೂ ಫೈಲುಗಳಲ್ಲಿ ನನ್ನ ಹೆಸರು ಹುಡುಕುತ್ತೇನೆ. ಮೊದಲಿಗಿಂತ ಹೆಚ್ಚು ಕಡೆ ಸಿಗುತ್ತದೆ.