ಹಡಗಿನ ರೆಕಾರ್ಡು ಮತ್ತು ಭಾವನ ಬಾಯಿ

ಹಲ್ಲು ಕೊರೆಯುವುದು ಅವಳ ಕಸುಬು, ತಲೆ ಕೊರೆಯುವುದು ಅವಳ ಭಾವನದು. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ಭಾವ ಹಿಡಿದುಕೊಂಡದ್ದು ಒಂದೇ ಒಂದನ್ನು: ಎಪ್ಪತ್ತರ ದಶಕದ, ಪ್ರೊಗ್ರೆಸಿವ್ ರಾಕ್ ಎಂಬ ಸುತ್ತುಬಳಸು ತಾಳದ ಪಾಶ್ಚಾತ್ಯ ಸಂಗೀತದ ಒಂದು ರೆಕಾರ್ಡು. ಅದರ ಕವರಿನ ಮೇಲೆ ಮರದ ತುದಿಗೆ ಸಿಕ್ಕಿಕೊಂಡ ಒಂದು ಹಡಗು. ಒಂದು ಬದಿಗೆಲ್ಲ ಒಂದೇ ಹಾಡು. ಅದನ್ನು ಕೇಳುವುದಕ್ಕಿಂತ ವಿವರಿಸುವುದೇ ಅವರಿಗೆ ಹೆಚ್ಚು ಪ್ರೀತಿ.

ಅಕ್ಕನಿಗೆ ಸಾಕಾಗಿ, ರೆಕಾರ್ಡ್ ಪ್ಲೇಯರನ್ನೇ ಮನೆಯಿಂದ ಸಾಗಹಾಕಿದಳು. ಅದು ಬಂದು ಕೂತದ್ದು ತಂಗಿಯ ಮನೆಯಲ್ಲಿ, ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ. ಭಾನುವಾರ ಬಂತೆಂದರೆ ಅದರ ಹಿಂದೆಯೇ ಭಾವನೂ ಹಾಜರು.

“ಇಲ್ಲಿ ಕೇಳು,” ಅನ್ನುತ್ತಾ ರೆಕಾರ್ಡಿನ ಮೇಲಿಂದ ಮುಳ್ಳನ್ನು ಎತ್ತಿಬಿಡುತ್ತಿದ್ದರು. “ಡ್ರಮ್ಮಿನವನು ಏಳೇಳು ಎಣಿಸ್ತಿದಾನೆ, ಮಿಕ್ಕವರು ನಾಲ್ಕು ನಾಲ್ಕು. ಎಲ್ಲಿ ಬಂದು ಸೇರ್ತಾರೆ ಹೇಳು ನೋಡೋಣ?”

“ಭಾವ, ನಾನು ಬಟ್ಟೆ ಮಡಚ್ತಿದೀನಿ.”

“ಮಡಚು, ಯಾರು ಬೇಡ ಅಂದ್ರು? ಎಣಿಸ್ತಾ ಮಡಚು.”

ಮತ್ತೆ ಮುಳ್ಳು ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಎರಡು ವರ್ಷವಾದರೂ ಅವಳು ಆ ಹಾಡನ್ನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ಕೇಳಬೇಕೆಂಬ ಆಸೆಯೂ ಉಳಿದಿರಲಿಲ್ಲ. ಹಡಗಿನ ಚಿತ್ರ ಕಂಡರೇ ತಲೆನೋವು ಶುರುವಾಗುತ್ತಿತ್ತು.

ಒಂದು ಗುರುವಾರ ಭಾವ ಕೆನ್ನೆ ಊದಿಸಿಕೊಂಡು, ಕಂಕುಳಲ್ಲಿ ಅದೇ ರೆಕಾರ್ಡು ಇಟ್ಟುಕೊಂಡು ಕ್ಲಿನಿಕ್ಕಿಗೆ ಬಂದರು. ಬುದ್ಧಿಹಲ್ಲು ಕೆಟ್ಟಿತ್ತು, ಕೀಳಲೇಬೇಕಿತ್ತು. ಕುರ್ಚಿಯ ಮೇಲೆ ಒರಗಿಸಿದರೆ, ಬಾಯಲ್ಲಿ ಅವಳ ಎರಡು ಬೆರಳು ಇದ್ದಾಗಲೂ ಆ ಹಾಡಿನ ಆರ್ಗನ್ ವಾದ್ಯದ ಬಗ್ಗೆ ಏನೋ ಗೊಣಗುತ್ತಿದ್ದರು. ಬಾಯಿ ಮುಚ್ಚಿ ಅನ್ನೋಣವೆಂದರೆ, ತೆರೆದೇ ಇರಬೇಕಲ್ಲ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಹಲ್ಲು ಕಿತ್ತ ಮೇಲೆ ಆ ಜಾಗದಲ್ಲಿ ಹತ್ತಿ ಇಟ್ಟಳು. “ಗಟ್ಟಿಯಾಗಿ ಕಚ್ಚಿಕೊಂಡಿರಿ. ನಾನು ತೆಗೆಯೋವರೆಗೂ ಒಂದು ಮಾತೂ ಆಡೋ ಹಾಗಿಲ್ಲ. ಮಾತಾಡಿದ್ರೆ ರಕ್ತ ನಿಲ್ಲಲ್ಲ. ಮೇಲೆ ಹೋಗಿ ಕೂತಿರಿ, ಅಕ್ಕ ಬರ್ತಾಳೆ.”

ಊಟಕ್ಕೆಂದು ಅವಳು ಮೇಲೆ ಹೋದಾಗ ಭಾವ ಆಗತಾನೇ ರೆಕಾರ್ಡು ಹಾಕುತ್ತಿದ್ದರು. ಅವಳು ತಟ್ಟೆ ಹಿಡಿದು ಎದುರಿಗೆ ಕೂತಳು. ಏಳರ ಲೆಕ್ಕ ಬರುತ್ತಿದ್ದಂತೆ ಅವರ ಕೈ ಮುಳ್ಳಿನತ್ತ ಹೋಯಿತು, ಹತ್ತಿಯ ಹಿಂದಿನಿಂದ “ಹ್ಞೂಂ, ಹ್ಞೂಂ” ಎಂಬ ಸದ್ದು ಬಂತು.

“ಭಾವ. ರಕ್ತ.”

ಕೈ ಹಿಂದಕ್ಕೆ ಹೋಯಿತು. ಡ್ರಮ್ಮು ಎಡವುತ್ತಾ ಎಡವುತ್ತಾ ಓಡಿತು, ಗಿಟಾರು ಅದನ್ನು ಅಟ್ಟಿಸಿಕೊಂಡು ಹೋಯಿತು, ಆರ್ಗನ್ನು ಕೋಣೆಯ ಕಿಟಕಿಗಳನ್ನು ನಡುಗಿಸಿತು. ಆಮೇಲೆ ಎಲ್ಲವೂ ಒಟ್ಟಿಗೆ ನಿಂತುಬಿಟ್ಟಿತು. ಉಳಿದದ್ದು ಒಂದು ಕೊಳಲು ಮಾತ್ರ. ನುಡಿಸುವವನು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ದಿಕ್ಕು ತಪ್ಪಿ ಬಂದು, ಬೇರೆಯವರ ಮನೆಯ ಬಾಗಿಲಲ್ಲಿ ಸಂಕೋಚದಿಂದ ನಿಂತವರ ಹಾಗೆ ಇತ್ತು ಆ ದನಿ. ಅವಳ ಚಮಚ ತಟ್ಟೆಯಲ್ಲೇ ಉಳಿಯಿತು. ನಿಧಾನಕ್ಕೆ ಉಳಿದ ವಾದ್ಯಗಳು ಒಂದೊಂದಾಗಿ ಅದರ ಪಕ್ಕಕ್ಕೆ ಬಂದು ಸೇರಿಕೊಂಡವು. ಹಾಡು ಮುಗಿದು ಮುಳ್ಳು ತಾನಾಗಿಯೇ ಎದ್ದಾಗ ಅನ್ನ ಆರಿಹೋಗಿತ್ತು.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಚೆಂದದ್ದು ತನ್ನ ಮನೆಯಲ್ಲೇ ಇದ್ದರೂ ಎರಡು ವರ್ಷ ಕಿವಿಗೆ ಬೀಳಲು ಬಿಟ್ಟಿರಲಿಲ್ಲವಲ್ಲ ಈ ಮನುಷ್ಯ.

“ಆ ಕೊಳಲಿನ ಬಗ್ಗೆ ನೀವು ಒಂದು ದಿನವಾದ್ರೂ ಹೇಳಿದ್ರಾ?” ಎಂದು ಕೇಳಿ, ಎದ್ದುಹೋಗಿ ಅವರ ಬಾಯಿಂದ ಹತ್ತಿ ತೆಗೆದಳು.

ಭಾವ ಕನ್ನಡಕ ತೆಗೆದು ಒರೆಸಿಕೊಂಡರು.

“ಅದು ಬರೋ ಹೊತ್ತಿಗೆ ನಾನು ಯಾವಾಗ್ಲೂ ಮಾತಾಡ್ತಾ ಇರ್ತೀನಿ,” ಅಂದರು ಕೊನೆಗೆ, ಊದಿದ ಬಾಯಲ್ಲಿ. “ಇದೆ ಅಂತ ಗೊತ್ತಿತ್ತು. ಹೀಗಿದೆ ಅಂತ ಗೊತ್ತಿರ್ಲಿಲ್ಲ.”

ಅವಳ ಸಿಟ್ಟು ಅರ್ಧ ಇಳಿಯಿತು. “ಇನ್ನೊಂದ್ಸಲ ಹಾಕಿ,” ಅಂದಳು.

ಹಾಕಿದರು. ಮತ್ತೆ ಡ್ರಮ್ಮು ಎಡವಿ ಓಡಿತು, ಮತ್ತೆ ಎಲ್ಲವೂ ನಿಂತು ಕೊಳಲು ಶುರುವಾಯಿತು. ಅವಳು ಕಣ್ಣು ಮುಚ್ಚಿಕೊಂಡಳು.

“ಗಮನಿಸಿದ್ಯಾ,” ಎಂದಿತು ಪಕ್ಕದಿಂದ ದನಿ, “ಅವನು ಉಸಿರು ತಗೊಳ್ಳೋದೂ ಐದೈದರ ಲೆಕ್ಕದಲ್ಲೇ...”

ಅವಳು ಕೆಳಗೆ ಇಳಿದುಹೋಗಿ ಹೊಸ ಹತ್ತಿಯ ಉಂಡೆ ತಂದಳು.

“ರಕ್ತ ಆಗಲೇ ನಿಂತಿದೆಯಲ್ಲ?” ಅಂದರು ಭಾವ.

“ಕಚ್ಚಿ, ಭಾವ.”