ಗದ್ದೆಮ್ಮನ ಸೀರೆ

ಚನ್ನವೀರ ಏಳನೇ ಅಧ್ಯಾಯದ ಮೊದಲ ಪುಟಕ್ಕೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆಯುವಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಅದೇ ನಂಬರು. ಹದಿನೈದು ದಿನದಲ್ಲಿ ಇದು ಒಂಬತ್ತನೇ ಸಲ. ಅವನು ಎತ್ತಲಿಲ್ಲ. ಫೋನನ್ನು ಬೋರಲು ಹಾಕಿ ಎರಡನೇ ಪುಟಕ್ಕೂ ಗೆರೆ ಎಳೆದ.

ಕಾದಂಬರಿ ಎರಡನೇ ಮುದ್ರಣಕ್ಕೆ ಹೊರಟಿತ್ತು. ಸಿಂಧನೂರಿನ ಡಿಟಿಪಿ ಅಂಗಡಿಯಿಂದ ಪ್ರೂಫ್ ಬಂದು ವಾರವಾಗಿತ್ತು, ನಾಳೆ ಸೋಮವಾರ ತಿರುಗಿ ಕಳಿಸಬೇಕು. ಮುದಗಲ್ಲ ಕೋಟೆಗೆ ಮುತ್ತಿಗೆ ಬಿದ್ದ ಕಾಲದ ಕಥೆ. ರಾಜರು, ಸರದಾರರು, ಆನೆ, ಕುದುರೆ ಎಲ್ಲ ಇದ್ದರೂ ಏಳನೇ ಅಧ್ಯಾಯ ಮಾತ್ರ ಗದ್ದೆಮ್ಮನದು. ಕೋಟೆಯೊಳಗೆ ನೀರು ಹೊರುವ ಹೆಂಗಸು ಆಕೆ. ಬಾವಿ ಬತ್ತಿ ಮಕ್ಕಳ ನಾಲಿಗೆ ಒಣಗಿದಾಗ ಕಾವಲಿನವರ ಕಣ್ಣು ತಪ್ಪಿಸಿ ದಿಡ್ಡಿ ಬಾಗಿಲು ತೆರೆಯುತ್ತಾಳೆ, ಮಕ್ಕಳನ್ನು ಹೊರಗೆ ದಾಟಿಸುತ್ತಾಳೆ. ಕೋಟೆಯವರು ದ್ರೋಹಿ ಎನ್ನುತ್ತಾರೆ. ಹಳ್ಳದ ದಂಡೆ ಹಿಡಿದು ಹೋದವಳು ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಾನು ಬರೆದದ್ದರಲ್ಲೆಲ್ಲ ಚನ್ನವೀರನಿಗೆ ಜೀವದಂಥ ಅಧ್ಯಾಯ ಅದು. ಅದನ್ನೇ ಈಗ ಕಿತ್ತುಹಾಕುತ್ತಿದ್ದ.

ಕಾರಣ ಈ ಫೋನು. ಮೊದಲ ಸಲ ಎತ್ತಿದಾಗ ಒಂದು ಗಂಡಸಿನ ದನಿ ಮೆತ್ತಗೆ ಕೇಳಿತ್ತು, "ಸರ, ಗದ್ದೆಮ್ಮ ಖರೇನ ಇದ್ದಳೇನ್ರಿ? ಆಕಿ ಗಂಡ ಕಡೀಗೆ ಏನಾದ್ನರಿ?" ಯಾರು ನೀವು ಎಂದರೆ "ನಿಮ್ಮ ಓದುಗರು ಸರ" ಎಂದು ಇಟ್ಟುಬಿಟ್ಟಿತ್ತು. ಎರಡನೇ ಸಲವೂ ಅದೇ ಪ್ರಶ್ನೆ. ಮೂರನೇ ಸಲ, "ನಿನ್ನಿ ಬಿಸಲಾಗ ಆಫೀಸತನಕ ನಡಕೋತ ಹೋದ್ರಲ್ಲ ಸರ, ಆಟೋ ಇರ್ತಾವಲ್ರಿ" ಎಂದಿತು. ಚನ್ನವೀರ ಕೆಲಸಕ್ಕೆಂದು ಮಸ್ಕಿಯಿಂದ ಬಸ್ಸು ಹತ್ತಿ ಲಿಂಗಸುಗೂರಿನಲ್ಲಿ ಇಳಿಯುವುದನ್ನು ಯಾರೋ ಲೆಕ್ಕವಿಟ್ಟು ನೋಡುತ್ತಿದ್ದಾರೆ ಎಂದಾಯಿತು.

ಇಂಥದ್ದು ಹೊಸದಲ್ಲ. ಅವನ ಮೊದಲ ಕಾದಂಬರಿಯ ಪಾಳೇಗಾರ ತಮ್ಮ ಪೈಕಿಯವನು, ಅವನು ಯುದ್ಧದಲ್ಲಿ ಓಡಿಹೋದನೆಂದು ಬರೆದದ್ದು ತಪ್ಪು ಎಂದು ನಲವತ್ತು ಮಂದಿ ಅವನು ದಾಖಲೆ ನೋಡಿಕೊಳ್ಳುವ ಸರ್ಕಾರಿ ಕಚೇರಿಗೇ ಬಂದಿದ್ದರು. ಹಳೇ ದಫ್ತರಗಳ ಕೋಣೆಯಿಂದ ಅವನನ್ನು ಹೊರಗೆ ಕರೆಸಿ ಕೈಮುಗಿಸಿದ್ದರು. ಮರುದಿನ ಪೇಪರಿನಲ್ಲಿ ಫೋಟೋ. ಅಂದಿನಿಂದ ಅವನಿಗೆ ಓದುಗರೆಂದರೆ ಸಂಶಯ. ಹೊಗಳುವವನ ಮೇಲಂತೂ ಇನ್ನೂ ಹೆಚ್ಚು. ಈಗ ಮಗಳು ಶಿವಕುಮಾರಿಗೆ ಸಂಬಂಧ ನೋಡುವ ಹೊತ್ತು; ಗದ್ದೆಮ್ಮ ನಮ್ಮಾಕಿ, ಅವಳನ್ನು ದಿಕ್ಕಿಲ್ಲದವಳನ್ನಾಗಿ ಮಾಡಿದ್ದೀರಿ ಎಂದು ಇನ್ನೊಂದು ಗುಂಪು ಬಾಗಿಲಿಗೆ ಬಂದರೆ? ಗಂಡನ ಸುದ್ದಿ ಕೇಳುವವರು ಸುಮ್ಮನೆ ಕೇಳುತ್ತಾರೆಯೇ?

ಹದಿನಾಲ್ಕು ಪುಟಗಳಿಗೂ ಗೆರೆ ಬಿದ್ದಾದ ಮೇಲೆ ಹೆಂಡತಿ ಶೇಖರಮ್ಮ ಒಳಗೆ ಬಂದಳು.

"ಏನ್ರೀ, ಯಾರೋ ಬಂದಾರ. ಸಾಲಗುಂದದಾವ್ರಂತ. ದುರುಗೇಶ ಅಂತ ಹೆಸರು."

"ಇಲ್ಲಂತ ಹೇಳು. ಲಿಂಗಸುಗೂರಿಗೆ ಹೋಗ್ಯಾರ ಅನ್ನು."

"ಐತವಾರ ಯಾವ ಆಫೀಸ್ ತೆರದಿರ್ತೈತಿ? ಚಾ ಕೊಟ್ಟೀನಿ, ಕುಡಿಯಾಕತ್ಯಾನ."

"ಚಾ ಯಾಕ ಕೊಟ್ಟಿ?"

"ಮತ್ತೇನು, ಪೊಲೀಸ್ರಂಗ ವಿಚಾರಣಿ ಮಾಡ್ಲೇನು? ಪುಸ್ತಕದಾಗ ರಾಜರ ರುಂಡ ಚೆಂಡಾಡ್ತೀರಿ, ಒಬ್ಬ ಮನಷ್ಯಾಗ ಅಂಜಿ ಕೋಣ್ಯಾಗ ಕುಂತೀರಿ."

ಚನ್ನವೀರ ಪುಟಗಳ ಮೇಲೆ ದಿನಪತ್ರಿಕೆ ಮುಚ್ಚಿ ಕಿಟಕಿಯ ಸಂದಿನಿಂದ ಇಣುಕಿದ. ಪಡಸಾಲೆಯ ಕುರ್ಚಿಯ ತುದಿಯಲ್ಲಿ ಮೂವತ್ತೈದರ ಆಸುಪಾಸಿನವನೊಬ್ಬ ಕುಳಿತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಡಿಲಲ್ಲಿ ಮೂಲೆ ಸವೆದ, ಚನ್ನವೀರನದೇ ಕಾದಂಬರಿ. ಮುಖ ಎಲ್ಲೋ ನೋಡಿದಂತಿತ್ತು, ಎಲ್ಲಿ ಎಂದು ಹೊಳೆಯಲೊಲ್ಲದು. ಅಂಗಿಯ ಕಿಸೆಯಿಂದ ಫೋನು ಅರ್ಧ ಹೊರಗೆ ಚಾಚಿತ್ತು. ಬಿಳಿ ಬಟ್ಟೆಯ ಹಿಂದೆ ಅದರ ಪರದೆ ಬೆಳಗುತ್ತಿತ್ತು.

ಚನ್ನವೀರ ಹೊರಗೆ ಬರುತ್ತಲೇ ಆ ಮನುಷ್ಯ ಧಡಕ್ಕನೆ ಎದ್ದು ನಿಂತ. "ನಮಸ್ಕಾರ್ರಿ ಸರ. ಫೋನ್ ಮಾಡಾಂವ ನಾನರಿ."

"ನಿಮ್ಮನ್ನ ಎಲ್ಲೋ ನೋಡೀನಿ."

"ದಿನಾ ನೋಡ್ತೀರಿ ಸರ. ಎಂಟೂ ಹತ್ತರ ಬಸ್ಸಿನ ಕಂಡಕ್ಟರ್ ನಾ. ನೀವು ಪಾಸ್ ತೋರಸ್ತೀರಿ, ಮಾರಿ ನೋಡಂಗಿಲ್ಲ."

ಶೇಖರಮ್ಮ ಒಳಬಾಗಿಲಲ್ಲಿ ನಿಂತು ಸೆರಗಿನ ಮರೆಯಲ್ಲಿ ನಕ್ಕದ್ದು ಚನ್ನವೀರನಿಗೆ ಕಾಣಿಸಿತು. ಅವನಿಗೆ ನಾಚಿಕೆಗಿಂತ ಸಿಟ್ಟೇ ಮೊದಲು ಬಂತು.

"ಹಂಗಿದ್ರ ಬಸ್ಸಿನಾಗ ಕೇಳಬೇಕಿತ್ತು. ಹೆಸರು ಹೇಳದ ಫೋನ್ ಯಾಕ?"

"ಬಸ್ಸಿನಾಗ ಕೇಳೋ ಮಾತಲ್ಲರಿ ಅದು. ಎಂಥೆಂಥಾ ಮಂದಿ ಕುಂತಿರ್ತಾರ."

"ಮತ್ತ ಕಿಸೇದಾಗ ರೆಕಾರ್ಡ್ ಹಚಗೊಂಡು ಬಂದೀರಲ್ಲ, ಅದು ಯಾರಿಗೆ?"

ದುರುಗೇಶನ ಮುಖ ಇಳಿದುಹೋಯಿತು. ಫೋನು ತೆಗೆದು ಟೀಪಾಯಿಯ ಮೇಲಿಟ್ಟ. ಹೌದು, ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಸಿಕ್ಕಿಬಿದ್ದ ಎಂದುಕೊಂಡ ಚನ್ನವೀರ.

"ತಪ್ಪಾತ್ರಿ. ಹೇಳಿ ಹಚ್ಚಬೇಕಿತ್ತು. ನಮ್ಮವ್ವಗ ಕೇಳಸಾಕರಿ, ಪಕೀರಮ್ಮ ಅಂತ. ಕಾಲು ಬಿದ್ದಾವ, ಮನಿ ಬಿಟ್ಟು ಹೊರಗ ಬರಂಗಿಲ್ಲ. ನಾ ಹೋಗಿ ಹೇಳಿದ್ರ ನಂಬಾಕಿ ಅಲ್ಲ. ಬರದಾವ್ರ ಬಾಯಿಲೇ ಕೇಳಬೇಕಂತಾಳ."

"ಏನು ಕೇಳಬೇಕು?"

ದುರುಗೇಶ ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಬರೋ ಬುಧವಾರ ಮಾನಮಿ ಅಮಾಸಿ ಐತಲ್ರಿ. ಹಿರೇರಿಗೆ ಎಡಿ ಇಡ್ತೀವಿ, ಹೊಸಾ ಅರಿವಿ ಇಡ್ತೀವಿ. ನಮ್ಮ ಮನ್ಯಾಗ ಒಂದು ಎಲಿ ಹೊಸ್ತಲದಾಚಿಗೆ ಹಾಕ್ತಾರ. ಕ್ವಾಟಿ ಅವ್ವನ ಎಲಿ ಅಂತಾರ. ಮುದಗಲ್ಲದಿಂದ ಒಂದು ಹೆಣಮಗಳು ಮಕ್ಕಳನ್ನ ಕರಕೊಂಡು ಬಂದಿದ್ಲಂತ, ಆಕೀಲಿಂದನ ನಮ್ಮ ಮನೆತನ ಅಂತ. ಹೆಸರು ಗೊತ್ತಿಲ್ಲ. ಗಂಡ ಇದ್ನೋ ಸತ್ತಿದ್ನೋ ಅದೂ ಗೊತ್ತಿಲ್ಲ, ಹಂಗಾಗಿ ಒಳಗಿನ ಸಾಲಿನಾಗ ಆಕಿ ಎಲಿ ಇಲ್ಲ."

"ಅದಕ್ಕ?"

"ಮುತ್ತೈದಿ ಆಗಿ ಹೋದಾಕಿಗೆ ಹಸರ ಸೀರಿ, ಬಳಿ ಇಡಬೇಕ್ರಿ. ಗಂಡ ಸತ್ತಾಕಿಗೆ ಬಿಳಿ ಸೀರಿ. ಯಾವದಂತ ತಿಳೀಲಿಲ್ಲ ಅಂತ ನಮ್ಮ ಹಿರೇರು ಅರಿವೀನ ಇಟ್ಟಿಲ್ಲ. ಎಷ್ಟೋ ತಲಿಮಾರು ಆಕಿಗೆ ಉಣ್ಣಾಕ ಕೊಟ್ಟೀವಿ ಸರ, ಉಡಾಕ ಕೊಟ್ಟಿಲ್ಲ. ಹೋದ ತಿಂಗಳ ಅವ್ವಗ ನಿಮ್ಮ ಏಳನೇ ಅಧ್ಯಾಯ ಓದಿ ಹೇಳಿದೆ. 'ಈಕೀನ ಲೇ ಆಕಿ' ಅಂತ ಅಳಾಕ ಹತ್ತಿದ್ಲು. ಅಂದಿನಿಂದ ಒಂದ ಹಟ. ಬರದಾವ್ರನ್ನ ಕೇಳು, ಗಂಡ ಏನಾದ?"

ಗದ್ದೆಮ್ಮನಿಗೆ ಗಂಡನೊಬ್ಬ ಇದ್ದ, ದಂಡಿನ ಜೊತೆ ಹೋಗಿದ್ದ ಎಂದು ಚನ್ನವೀರ ಒಂದು ಸಾಲು ಬರೆದದ್ದು ನಿಜ. ಆಮೇಲೆ ಅವನನ್ನು ಮರೆತೇಬಿಟ್ಟಿದ್ದ. ವಿಮರ್ಶಕರು ಅದನ್ನು ಅರ್ಥಪೂರ್ಣ ಮೌನ ಎಂದು ಬರೆದಾಗ ಸುಮ್ಮನೆ ಒಪ್ಪಿಕೊಂಡಿದ್ದ. ಟೀಪಾಯಿಯ ಮೇಲೆ ಸೆಕೆಂಡುಗಳು ಓಡುತ್ತಲೇ ಇದ್ದವು.

"ದುರುಗೇಶ," ಎಂದ, ಈ ಸಲ ಹೆಸರು ಹಿಡಿದು. "ಖರೇ ಹೇಳ್ತೀನಿ. ಆಕಿ ನನ್ನ ಕಲ್ಪನಾ. ಗದ್ದೆಮ್ಮ ಅನ್ನಾಕಿ ಯಾವ ದಫ್ತರದಾಗೂ ಇಲ್ಲ."

"ದಫ್ತರದಾಗ ನಮ್ಮಾವ್ರು ಯಾರ ಅದಾರ ಹೇಳ್ರಿ ಸರ?"

ಅವನು ಅದನ್ನು ಜಗಳದ ದನಿಯಲ್ಲೇನೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಆ ದಫ್ತರಗಳ ಧೂಳು ಕುಡಿದವನು ಚನ್ನವೀರ. ಉರ್ದುವಿನಲ್ಲಿ, ಮೋಡಿ ಲಿಪಿಯಲ್ಲಿ, ಕನ್ನಡದಲ್ಲಿ ಗೌಡರು, ಕುಲಕರ್ಣಿಗಳು, ಇನಾಮದಾರರು ಸಾಲುಸಾಲಾಗಿ ಇದ್ದರು. ನೀರು ಹೊತ್ತವರ ಹೆಸರು ಒಂದನ್ನೂ ಕಂಡ ನೆನಪಿಲ್ಲ.

"ಹೇಳ್ರಲ್ಲ," ಎಂದಳು ಶೇಖರಮ್ಮ ಬಾಗಿಲಿನಿಂದ. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಚನ್ನವೀರ ಫೋನಿನ ಹತ್ತಿರ ಬಗ್ಗಿದ. "ಪಕೀರಮ್ಮನೋರ, ನಾ ಚನ್ನವೀರ ಮಾತಾಡಾಕತ್ತೀನಿ. ಗಂಡ ಬಂದಿದ್ದರಿ. ಹಳ್ಳದ ದಂಡ್ಯಾಗ ಆಕೀನ ಹುಡುಕ್ಕೋತ ಬಂದ, ಆಕಿ ಕಣ್ಣು ಮುಚ್ಚೋತನಾ ಜೋಡಿಗಿದ್ದ. ಪುಸ್ತಕದಾಗ ಬರಿಯೋದು ನನಗ ಬಿಟ್ಟುಹೋಗೈತಿ. ಹಸರ ಸೀರಿ ಇಡ್ರಿ."

ದುರುಗೇಶ ಹೋದ ಮೇಲೆ ಶೇಖರಮ್ಮ ದಿನಪತ್ರಿಕೆ ಎತ್ತಿ ಮಡಚಲು ಹೋದವಳು ಕೆಳಗಿನ ಪುಟಗಳನ್ನು ನೋಡಿದಳು. ಒಂದೊಂದಾಗಿ ಹದಿನಾಲ್ಕನ್ನೂ ತಿರುವಿದಳು. ಗಂಡನ ಮುಂದಿಟ್ಟು ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

ಮರುದಿನ ಎಂಟೂ ಹತ್ತರ ಬಸ್ಸಿನಲ್ಲಿ ಚನ್ನವೀರ ಪುಟಗಳನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಕೆಂಪು ಗೆರೆಯ ಪಕ್ಕದಲ್ಲಿ 'ಇರಲಿ' ಎಂದು ಬರೆಯುತ್ತ ಹೋದ. ರಸ್ತೆಯ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾದವು. ಕೊನೆಯ ಪುಟದ ಅಂಚಿನಲ್ಲಿ ಗಂಡ ಬಂದ ನಾಲ್ಕು ಸಾಲು ಸೇರಿಸಿದ. ದುರುಗೇಶ ಹತ್ತಿರ ಬಂದು ನಿಂತಾಗ ಪಾಸ್ ತೋರಿಸಲು ಮರೆತು ಮುಖ ನೋಡಿದ.

"ಅವ್ವ ಕೇಳಿದ್ಲಾ?"

"ಮೂರು ಸಲ ಹಚ್ಚಿಸ್ಯಾಳ್ರಿ." ದುರುಗೇಶನ ಕಣ್ಣು ಕೆಂಪು ಗೆರೆಗಳ ಮೇಲೆ ಬಿತ್ತು. ಗದ್ದೆಮ್ಮನ ಹೆಸರನ್ನು ಅವನು ಓದಿಕೊಂಡ. "ಇದೇನ್ರಿ ಸರ?"

"ನನ್ನ ತಪ್ಪು. ತಿದ್ದಾಕತ್ತೀನಿ."

ದುರುಗೇಶ ಮುಂದಿನ ಸೀಟಿನವರ ಟಿಕೆಟ್ಟಿಗೆ ಹೋದ. ಲಿಂಗಸುಗೂರಿನಲ್ಲಿ ಇಳಿಯುವಾಗ ಚನ್ನವೀರ ಲಕೋಟೆಯನ್ನು ಅವನ ಕೈಗೇ ಕೊಟ್ಟ. ತಿರುಗಿ ಹೋಗುವ ಟ್ರಿಪ್ಪಿನಲ್ಲಿ ಅದು ಸಿಂಧನೂರು ಮುಟ್ಟಬೇಕು.

ಬುಧವಾರ ಮಧ್ಯಾಹ್ನ ಫೋನಿಗೆ ಒಂದು ಫೋಟೋ ಬಂತು. ಜೊತೆಗೆ ಮಾತಿಲ್ಲ. ಚನ್ನವೀರ ಹಳೇ ಚಾಳಿಯಂತೆ ಬೆರಳಲ್ಲಿ ಹಿಗ್ಗಿಸಿ ಮೂಲೆ ಮೂಲೆ ನೋಡಿದ. ಗೋಡೆಯ ಬುಡಕ್ಕೆ ಸಾಲಾಗಿ ಎಲೆಗಳು, ಹೋಳಿಗೆ, ಅನ್ನ. ಕೊನೆಯ ಎಲೆಯ ಮುಂದೆ ಅಂಗಡಿಯ ಮಡಿಕೆ ಬಿಚ್ಚದ ಹಸಿರು ಸೀರೆ, ಅದರ ಮೇಲೆ ಒಂದು ಡಜನ್ ಬಳೆ. ಫೋಟೋವನ್ನು ಬಾಗಿಲ ಕಡೆಗೆ ಸರಿಸಿದ. ಹೊಸ್ತಿಲಾಚೆ ಯಾರದೋ ಒಂದು ಜೋಡಿ ಚಪ್ಪಲಿ ಇದ್ದವು, ಎಲೆ ಇರಲಿಲ್ಲ.