ಮತ್ತೆ ಸೇರಿಸಿದ ದಾಖಲೆ

ನೇತ್ರಬ್ಯಾಂಕಿನ ಎರಡನೇ ಮಹಡಿಯಲ್ಲಿ ಯಾರೂ ಯಾವತ್ತೂ ಏನನ್ನೂ ಅಳಿಸಿರಲಿಲ್ಲ. ಹಾಗೆಂದು ಗೋಡೆಯ ಮೇಲೊಂದು ಬಿಳಿ ಹಲಗೆಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: "ಈ ವರ್ಷ ಅಳಿಸಿದ ದಾಖಲೆಗಳು ಸೊನ್ನೆ. ತಿದ್ದಿದ ದಾಖಲೆಗಳು ಸೊನ್ನೆ. ಸೇರಿಸಿದ ದಾಖಲೆಗಳು" ಎಂದು. ಅದರ ಮುಂದಿನ ಅಂಕಿಯನ್ನು ಮಾತ್ರ ಪ್ರತಿ ಸೋಮವಾರ ಬಟ್ಟೆಯಿಂದ ಅಳಿಸಿ ಹೊಸದಾಗಿ ಬರೆಯುತ್ತಿದ್ದರು. ಇಡೀ ಕಚೇರಿಯಲ್ಲಿ ಅಳಿಸುವ ಕೆಲಸ ಬಹಿರಂಗವಾಗಿ ನಡೆಯುತ್ತಿದ್ದುದು ಅಲ್ಲೊಂದೇ ಕಡೆ.

ಈ ಹಲಗೆಯ ಕರ್ತೃ ಕಚೇರಿಯ ಮುಖ್ಯಸ್ಥರು. ಬೆನ್ನ ಹಿಂದೆ ಅವರನ್ನು ಎಲ್ಲರೂ ಸೇರ್ಪಡೆ ಸಾಹೇಬರು ಎನ್ನುತ್ತಿದ್ದರು. ಎದುರಿಗೆ ಅನ್ನಲು ಧೈರ್ಯ ಬೇಕಿರಲಿಲ್ಲ, ಅಂದಿದ್ದರೆ ಅವರು ಖುಷಿಯೇ ಪಡುತ್ತಿದ್ದರು. ಕಾರ್ನಿಯಾಕ್ಕಾಗಿ, ಅಂದರೆ ಕಣ್ಣಿನ ಮುಂಭಾಗದ ಆ ತೆಳ್ಳನೆಯ ಪೊರೆಗಾಗಿ, ಕಾಯುತ್ತಿರುವ ಪ್ರತಿಯೊಬ್ಬರಿಗೂ ಅಲ್ಲಿ ಒಂದೊಂದು ಎಕ್ಸ್‌ಎಂಎಲ್ ಎಂಬ ಕಂಪ್ಯೂಟರ್ ನಮೂನೆಯ ದಾಖಲೆ ಇತ್ತು. ಆ ದಾಖಲೆಗಳೆಲ್ಲ ಒಂದು ಡೇಟಾಬೇಸಿನಲ್ಲಿದ್ದವು. ದಾಖಲೆ ಅಳಿಸಲು ಸಾಹೇಬರ ಸಹಿ ಬೇಕು. ಒಳಗಿನ ಒಂದು ಸಾಲು ತಿದ್ದಲು ಸಹಿಯ ಜೊತೆಗೆ ಕಾರಣವೂ ಬೇಕು, ಕಾರಣದ ಮೇಲೆ ಒಂದು ಸಭೆಯೂ ಬೇಕು. ಸೇರಿಸಲು ಮಾತ್ರ ಯಾವ ದೊಣ್ಣೆನಾಯಕನ ಅಪ್ಪಣೆಯೂ ಬೇಡ.

ಹೀಗಾಗಿ ಅಲ್ಲಿನ ಜನ ಒಂದು ದಾರಿ ಕಂಡುಕೊಂಡಿದ್ದರು. ಯಾರದ್ದಾದರೂ ವಿಳಾಸ ಬದಲಾದರೆ ಹಳೆಯ ದಾಖಲೆಯನ್ನು ಹೊರಗೆ ಇಳಿಸಿಕೊಂಡು, ಸರಿಪಡಿಸಿ, ಅದೇ ಹೆಸರಿನಲ್ಲಿ ಮತ್ತೆ ಸೇರಿಸಿಬಿಡುವುದು. ಅದೇ ಹೆಸರಿನದು ಬಂತೆಂದರೆ ಡೇಟಾಬೇಸು ಹಳೆಯದನ್ನು ಸದ್ದಿಲ್ಲದೆ ನುಂಗಿ ಹೊಸದನ್ನು ಇಟ್ಟುಕೊಳ್ಳುತ್ತಿತ್ತು. ಅಳಿಸಿದ್ದೂ ಆಯಿತು, ತಿದ್ದಿದ್ದೂ ಆಯಿತು, ಲೆಕ್ಕದಲ್ಲಿ ಒಂದು ಸೇರ್ಪಡೆಯೂ ಆಯಿತು. ಸಾಹೇಬರ ಹಲಗೆ ಮೇಲಿನ ಅಂಕಿ ಊದಿಕೊಳ್ಳುತ್ತಾ ಹೋಯಿತು.

ಈ ಸೇರಿಸುವ ಕೆಲಸ ಮಾಡುತ್ತಿದ್ದವಳು ನಮ್ಮ ಕತೆಯ ಸೊಸೆ. ಕಚೇರಿಯಲ್ಲಿ ಅವಳು ಆಪರೇಟರು. ಮನೆಯಲ್ಲಿ ಮಾತ್ರ ಸೊಸೆ, ಆದರೆ ಈ ಕತೆಗೆ ಅದೇ ಮುಖ್ಯ. ಎಕ್ಸ್‌ಎಂಎಲ್ ಎಂದರೆ ಬಲು ಶಿಸ್ತಿನ ಸಾಮಾನು. "ಹೆಸರು" ಎಂದು ಗುರುತು ತೆರೆದರೆ "ಹೆಸರು" ಎಂದೇ ಗುರುತು ಮುಚ್ಚಬೇಕು. ಒಂದು ಮುಚ್ಚಿಲ್ಲವೋ, ಡೇಟಾಬೇಸು ದಾಖಲೆಯನ್ನು ಬಾಗಿಲಲ್ಲೇ ತಡೆದು ವಾಪಸು ಅಟ್ಟುತ್ತಿತ್ತು. ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ನಡುವೆ ಏನು ತುಂಬಿದ್ದೀರಿ ಎಂದು ಮಾತ್ರ ಅದು ಕೇಳುತ್ತಿರಲಿಲ್ಲ. ಈ ಗುಣದಲ್ಲಿ ಅದಕ್ಕೂ ಸಾಹೇಬರಿಗೂ ಬಹಳ ಹೊಂದಾಣಿಕೆ ಇತ್ತು.

ಸೊಸೆಯ ಅತ್ತೆ ದರ್ಜಿ. ಬೀದಿಗೆ ತೆರೆದ ಮುಂಗೋಣೆಯಲ್ಲೇ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳನ್ನು ಬಯ್ಯಲು ಒಂದು ಸ್ಟೂಲು. ಒಂದು ಕಣ್ಣು ಹೋಗಿ ವರ್ಷಗಳಾಗಿದ್ದವು, ಇನ್ನೊಂದಕ್ಕೆ ಹಾಲಿನ ಗಾಜಿನಂತೆ ಮಬ್ಬು ಕವಿದಿತ್ತು. ಆದರೂ ಗುಂಡಿ, ಕಾಜ, ಅಂಚು ಎಲ್ಲ ಬೆರಳಿನ ಅಂದಾಜಿನಲ್ಲೇ ಹೊಲಿಯುತ್ತಿದ್ದರು. ಆಗದ ಕೆಲಸ ಒಂದೇ, ಸೂಜಿಗೆ ದಾರ ಪೋಣಿಸುವುದು. ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ಸೊಸೆ ಒಂದಷ್ಟು ಸೂಜಿಗಳಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವೆಲ್ಲ ಮುಗಿದರೆ ಅತ್ತೆ ಕೈಕಟ್ಟಿ ಕೂರಬೇಕು, ಸೊಸೆ ಬರುವ ತನಕ. ನಲವತ್ತು ವರ್ಷ ಯಾರ ಮುಂದೆಯೂ ಕೈಕಟ್ಟದ ಹೆಂಗಸಿಗೆ ಅದು ಕುರುಡುತನಕ್ಕಿಂತ ದೊಡ್ಡ ಶಿಕ್ಷೆಯಾಗಿತ್ತು.

"ಯಾರೋ ಪುಣ್ಯಾತ್ಮರು ಹೋಗಬೇಕು, ನನಗೆ ಬರಬೇಕು. ಅವಸರ ಮಾಡೋದಕ್ಕೂ ನಾಚಿಕೆಯಾಗುತ್ತೆ" ಎನ್ನುತ್ತಿದ್ದರು ಅತ್ತೆ. ಹಾಗೆಂದ ಮರುಗಳಿಗೆಯೇ, "ಇವತ್ತು ಎಷ್ಟನೇದು?" ಎಂದು ಕೇಳುತ್ತಿದ್ದರು.

ಸೊಸೆ ದಿನಾ ಬೆಳಿಗ್ಗೆ ಕಚೇರಿಯಲ್ಲಿ ಮೊದಲು ಸರದಿ ಪಟ್ಟಿಯನ್ನೇ ತೆರೆಯುತ್ತಿದ್ದಳು. ಅತ್ತೆ ಎರಡನೆಯ ಸ್ಥಾನಕ್ಕೆ ಬಂದಿದ್ದರು. ಸೊಸೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾಗಲೇ ಅವಳಿಗೊಂದು ವಿಷಯ ಹೊಳೆಯಿತು. ದಾಖಲೆಯಲ್ಲಿದ್ದ ಫೋನ್ ನಂಬರು ಹಳೆಯದು, ಎಂದೋ ನಿಂತುಹೋದದ್ದು. ಕಣ್ಣು ಬಂದು ಕಚೇರಿಯವರು ಫೋನ್ ಮಾಡಿದರೆ ಎತ್ತುವವರೇ ಇಲ್ಲ! ಅವಳು ದಾಖಲೆಯನ್ನು ಇಳಿಸಿಕೊಂಡು, ನಂಬರು ಬದಲಿಸಿ, ಅದೇ ಹೆಸರಿನಲ್ಲಿ ಮತ್ತೆ ಸೇರಿಸಿದಳು. ಎಲ್ಲ ಗುರುತುಗಳೂ ಮುಚ್ಚಿದ್ದವು. ಡೇಟಾಬೇಸು ಬಾಯಿ ತೆರೆದು ನುಂಗಿತು. ಪ್ರೀತಿಯಿಂದ ಮಾಡಿದ ಕೆಲಸ.

ಮಾರನೆಯ ದಿನ ಪಟ್ಟಿಯ ಮೊದಲ ಪುಟದಲ್ಲಿ ಅತ್ತೆ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಸೊಸೆ ಕೆಳಗೆ ಕೆಳಗೆ ಇಳಿಯುತ್ತಾ ಹೋದಳು. ಅತ್ತೆ ಕಟ್ಟಕಡೆಯಲ್ಲಿ ಕೂತಿದ್ದರು.

ಕಾರಣ ತಿಳಿಯಲು ಬಹಳ ಬುದ್ಧಿ ಬೇಕಿರಲಿಲ್ಲ, ಇಷ್ಟು ವರ್ಷ ಯಾರೂ ಖರ್ಚು ಮಾಡದಿದ್ದ ಬುದ್ಧಿ ಸಾಕಿತ್ತು. ಯಾವ ದಾಖಲೆ ಯಾವತ್ತು ಒಳಗೆ ಬಂತು ಎಂಬುದನ್ನು ಡೇಟಾಬೇಸು ತಾನೇ ಗುರುತು ಹಾಕಿಕೊಳ್ಳುತ್ತಿತ್ತು. ಸರದಿ ನಿಂತಿದ್ದುದು ಆ ದಿನದ ಮೇಲೆ. ಮತ್ತೆ ಸೇರಿಸಿದರೆ ಮತ್ತೆ ಹೊಸ ದಿನ. ಅಂದರೆ ಅವಳು ಫೋನ್ ನಂಬರು ಸರಿಮಾಡಿದಾಗ ಅತ್ತೆ ನಿನ್ನೆಯಷ್ಟೇ ಕುರುಡಾದವರಂತೆ ಸಾಲಿನ ಕೊನೆಗೆ ಹೋಗಿ ನಿಂತಿದ್ದರು. ಅತ್ತೆಯೊಬ್ಬರೇ ಅಲ್ಲ. ಇಷ್ಟು ವರ್ಷ ಇವಳ ಕಿಟಕಿಗೆ ಬಂದು ತಪ್ಪು ಸರಿಮಾಡಿಸಿಕೊಂಡು, "ಬಹಳ ಉಪಕಾರವಾಯ್ತಮ್ಮ" ಎಂದು ಕೈಮುಗಿದು ಹೋದ ಪ್ರತಿಯೊಬ್ಬರನ್ನೂ ಇವಳು ಅದೇ ಕೈಯಿಂದ ಹಿಂದಕ್ಕೆ ನೂಕಿದ್ದಳು. ಯಾರ ದಾಖಲೆಯಲ್ಲಿ ತಪ್ಪುಗಳು ಹಾಗೇ ಉಳಿದಿದ್ದವೋ ಅವರಿಗೆ ಮಾತ್ರ ಕಣ್ಣು ಸಿಗುತ್ತಿತ್ತು. ಅದೂ ಫೋನ್ ನಂಬರು ಸರಿಯಿದ್ದರೆ.

ಸೊಸೆ ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಸಾಹೇಬರು ಪೂರ್ತಿ ಕೇಳಿಸಿಕೊಂಡರು.

"ಹಾಗಾದ್ರೆ ಏನು ಮಾಡಬೇಕು ಅಂತೀಯಮ್ಮಾ?"

"ದಾಖಲೆ ಒಳಗೇ ತಿದ್ದೋಕೆ ಅನುಮತಿ ಕೊಡಿ ಸಾರ್. ಮತ್ತೆ ಸೇರಿಸೋದು ಬೇಡ."

"ತಿದ್ದೋದಾ?" ಸಾಹೇಬರು ಹಲಗೆಯತ್ತ ನೋಡಿದರು. ಮಗುವಿನ ಕಡೆ ಕಲ್ಲೆಸೆಯಲು ಹೊರಟವಳನ್ನು ನೋಡಿದಂತೆ ಇವಳನ್ನೂ ನೋಡಿದರು. "ಐದು ವರ್ಷದಿಂದ ಸೊನ್ನೆ ಕಾಪಾಡ್ಕೊಂಡು ಬಂದಿದ್ದೀನಿ. ಅಷ್ಟಕ್ಕೂ ಯಾರಾದ್ರೂ ದೂರು ಕೊಟ್ಟಿದ್ದಾರಾ?"

"ಅವರಿಗೆ ಕಾಣಿಸಲ್ಲ ಸಾರ್."

"ನೋಡಿದ್ಯಾ, ದೂರಿಲ್ಲ" ಎಂದು ಸಾಹೇಬರು ಸಮಾಧಾನದ ಉಸಿರು ಬಿಟ್ಟರು.

ಸೊಸೆ ತನ್ನ ಜಾಗಕ್ಕೆ ಬಂದು ಕೂತಳು. ಯಾರ ಸರದಿ ಎಷ್ಟನೆಯದು ಎಂದು ಡೇಟಾಬೇಸನ್ನು ಕೇಳುವ ಪ್ರಶ್ನೆಯನ್ನು, ಅಂದರೆ ಕ್ವೆರಿಯನ್ನು, ಬರೆದವಳು ಅವಳೇ. ಅದರಲ್ಲಿ ಒಂದು ಸಾಲು ಹೆಚ್ಚಿಗೆ ಬರೆದಳು: ದಾಖಲೆಯ ಒಳಗೆ "ಮೊದಲು ಬಂದ ದಿನ" ಎಂಬ ಗುರುತಿದ್ದರೆ ಅದನ್ನು ನೋಡು, ಇಲ್ಲದಿದ್ದರೆ ನಿನ್ನ ಲೆಕ್ಕ ನೋಡು. ಆಮೇಲೆ ಆ ಗುರುತನ್ನು ಒಂದೇ ಒಂದು ದಾಖಲೆಯಲ್ಲಿ ತೆರೆದು, ದಿನ ಬರೆದು, ಮುಚ್ಚಿ, ಸೇರಿಸಿದಳು. ಯಾರ ದಾಖಲೆ ಎಂದು ಹೇಳಬೇಕಾಗಿಲ್ಲ. ಪಟ್ಟಿ ತೆರೆದರೆ ಅತ್ತೆ ಈಗ ಮೊದಲನೆಯ ಸ್ಥಾನದಲ್ಲಿದ್ದರು, ಏಕೆಂದರೆ ಅವರ ಮುಂದಿದ್ದವರ ವಿಳಾಸವನ್ನು ನಿನ್ನೆ ಇವಳೇ ಸರಿಮಾಡಿದ್ದಳು.

ಸಂಜೆ ಮನೆಯಲ್ಲಿ ಎಲ್ಲ ಹೇಳಿದಳು. ಹೇಳದೆ ಇರಲಾಗಲಿಲ್ಲ. ಅತ್ತೆ ಅರ್ಧ ಹೊಲಿದ ತೋಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು.

"ಅಂದ್ರೆ ನಾನೀಗ ಬೇರೆಯವರ ತಲೆ ಮೇಲೆ ಕಾಲಿಟ್ಟು ಮುಂದೆ ಬಂದಿದ್ದೀನಿ."

"ಹಾಗಂತಲ್ಲ ಅತ್ತೆ..."

"ಹಾಗೇ. ಇರಲಿ ಬಿಡು. ಒಳ್ಳೆಯತನ ಆಮೇಲೆ ನೋಡ್ಕೊಳ್ಳೋಣ, ಮೊದಲು ಕಣ್ಣು ಬರಲಿ." ಅತ್ತೆ ದಿಂಬನ್ನು ಅವಳತ್ತ ಚಾಚಿದರು. "ದಾರ ಹಾಕು. ಎರಡು ಗಂಟೆಯಿಂದ ಗೊಂಬೆ ಥರ ಕೂತಿದ್ದೀನಿ."

ಮಾರನೆಯ ದಿನ ಕಿಟಕಿಗೆ ಗಡಿಯಾರದ ತಾತ ಬಂದರು. ಅವರು ಗಡಿಯಾರ ರಿಪೇರಿಯವರು, ಈಗ ಗಡಿಯಾರವೂ ಕಾಣದು, ರಿಪೇರಿಯೂ ಇಲ್ಲ. ಬಾಡಿಗೆ ಕೋಣೆಯಲ್ಲಿ ವಾಸ. ಮನೆ ಮಾಲೀಕರೊಡನೆ ಜಗಳವಾಡದೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಹಾಗಾಗಿ ಅವರ ವಿಳಾಸ ಎರಡು ತಿಂಗಳಿಗೊಮ್ಮೆಯಾದರೂ ಬದಲಾಗುತ್ತಿತ್ತು. ಪ್ರತಿ ಸಲವೂ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ತಪ್ಪದೆ ತಿಳಿಸುತ್ತಿದ್ದರು. ಅಷ್ಟು ಪ್ರಾಮಾಣಿಕರು.

"ಮತ್ತೆ ಬಂದೆ ನೋಡಮ್ಮಾ. ಈ ಮಾಲೀಕ ಸರಿಯಿಲ್ಲ. ಹೊಸ ವಿಳಾಸ ಬರ್ಕೋ. ಅಲ್ಲಮ್ಮಾ, ನನ್ನ ಜೊತೆ ಅರ್ಜಿ ಹಾಕಿದವರೆಲ್ಲ ಆಗ್ಲೇ ಪೇಪರ್ ಓದ್ತಿದ್ದಾರೆ. ನನ್ನ ಸರದಿ ಮಾತ್ರ ಬರ್ತಾನೇ ಇಲ್ಲ. ನನ್ನ ಕಡೆಯಿಂದ ಏನಾದ್ರೂ ತಪ್ಪಾಗಿದ್ಯಾ?"

ಸೊಸೆಗೆ ತಲೆ ಎತ್ತಲಾಗಲಿಲ್ಲ. ತಾತನಿಗೆ ಅವಳ ಮುಖ ಕಾಣದು ಎಂಬುದು ನೆನಪಿದ್ದರೂ ಎತ್ತಲಾಗಲಿಲ್ಲ. "ನಿಮ್ಮಿಂದ ಏನೂ ಆಗಿಲ್ಲ ತಾತ" ಎಂದಳು. ಅವರು ಹೋದ ಮೇಲೆ, ವಾರಕ್ಕೊಮ್ಮೆ ತೆಗೆದಿಡುತ್ತಿದ್ದ ಡೇಟಾಬೇಸಿನ ಹಳೆಯ ಪ್ರತಿಗಳನ್ನು ತೆರೆದು ಹುಡುಕಿದಳು. ತಾತ ಮೊದಲು ಬಂದದ್ದು ಅತ್ತೆಗಿಂತ ಒಂದು ವರ್ಷ ಹಿಂದೆ. ಅಲ್ಲಿಂದೀಚೆಗೆ ಅವಳು ಅವರನ್ನು ಎಷ್ಟು ಸಲ ಸಾಲಿನ ಕೊನೆಗೆ ಕಳಿಸಿದ್ದಳೋ, ಎಣಿಸಲು ಮನಸ್ಸಾಗಲಿಲ್ಲ.

ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಅತ್ತೆಯ ಬೆಳಗಿನ ಸೂಜಿಗಳೂ ಕಣ್ಣ ಮುಂದೆ ಬಂದವು, ಮಧ್ಯಾಹ್ನ ಕೈಕಟ್ಟಿ ಕೂತ ಅತ್ತೆಯೂ ಬಂದರು. ಆಮೇಲೆ ತಾತನ ದಾಖಲೆಯಲ್ಲಿ "ಮೊದಲು ಬಂದ ದಿನ" ಎಂಬ ಗುರುತು ತೆರೆದಳು.

ಒಂದು ಸಲ ತೆರೆದ ಮೇಲೆ ಒಬ್ಬರಿಗೇ ನಿಲ್ಲಿಸುವುದು ಹೇಗೆ? ಆ ವಾರವಿಡೀ ಅವಳು ಹಳೆಯ ಪ್ರತಿಗಳನ್ನು ಜಾಲಾಡಿ, ಕಾಯುತ್ತಿದ್ದ ಎಲ್ಲರ ದಾಖಲೆಗಳಿಗೂ ಅವರವರ ನಿಜವಾದ ದಿನ ಬರೆದು ಮತ್ತೆ ಸೇರಿಸಿದಳು. ಇನ್ನು ಮುಂದೆ ದಾಖಲೆಯನ್ನು ಎಷ್ಟು ಸಲ ಸೇರಿಸಿದರೂ ದಿನ ಅದರ ಹೊಟ್ಟೆಯೊಳಗೇ ಇರುತ್ತದೆ, ಕದಲುವುದಿಲ್ಲ. ಇಡೀ ಸರದಿ ಬುಡಮೇಲಾಯಿತು, ಅಂದರೆ ನೆಟ್ಟಗಾಯಿತು. ಅತ್ತೆ ಐದನೆಯವರಾದರು. ತಾತ ಮೊದಲನೆಯವರು.

ಸೋಮವಾರ ಸಾಹೇಬರು ಅವಳನ್ನು ಕರೆಸಿದರು. ಕೆಲಸ ಹೋಯಿತು ಎಂದುಕೊಂಡೇ ಹೋದಳು.

"ಏನಮ್ಮಾ ಇದು? ಒಂದೇ ವಾರದಲ್ಲಿ ಇಷ್ಟೊಂದು ಸೇರ್ಪಡೆ!" ಸಾಹೇಬರ ಮುಖ ಅರಳಿತ್ತು. "ಅಳಿಸಿದ್ದು?"

"ಸೊನ್ನೆ ಸಾರ್."

"ತಿದ್ದಿದ್ದು?"

"ಸೊನ್ನೆ."

"ಕೆಲಸ ಅಂದ್ರೆ ಇದು" ಎಂದು ಸಾಹೇಬರು ಎದ್ದು, ತಮ್ಮ ಕೈಯಾರೆ ಹಲಗೆಯ ಅಂಕಿ ಅಳಿಸಿ ಬರೆದರು. ಅಂಕಿ ಹಿಡಿಸದೆ ಚೌಕಟ್ಟಿನ ಮೇಲಕ್ಕೂ ಹತ್ತಿತು.

ಆ ಬುಧವಾರವೇ ಒಂದು ಕಾರ್ನಿಯಾ ಬಂತು. ಫೋನ್ ತಾತನಿಗೆ ಹೋಯಿತು. ಒಂದು ವಾರ ಸುಮ್ಮನಿದ್ದಿದ್ದರೆ ಅದು ಅತ್ತೆಗೆ ಬರುತ್ತಿತ್ತು. ಸೊಸೆ ಅದನ್ನೂ ಮನೆಯಲ್ಲಿ ಹೇಳಿದಳು.

ಅತ್ತೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. "ನಿನ್ನ ಒಳ್ಳೆಯತನಕ್ಕೆ ನನ್ನ ಕಣ್ಣೇ ಆಗಬೇಕಿತ್ತಾ? ಸ್ವಂತದ್ದು ಏನೂ ಇರಲಿಲ್ವಾ ಕೊಡೋದಕ್ಕೆ?"

ಸೊಸೆಗೆ ಅಳು ಉಕ್ಕಿ ಬಂತು. ಅತ್ತೆಗೆ ಕಾಣುವುದಿಲ್ಲವಲ್ಲ ಎಂದು ಒರೆಸಿಕೊಳ್ಳಲೂ ಇಲ್ಲ.

"ಮೂಗು ಒರೆಸ್ಕೋ" ಎಂದರು ಅತ್ತೆ. "ಕಾಣಲ್ಲ ಅಷ್ಟೇ, ಕೇಳಿಸುತ್ತೆ."

ಅಲ್ಲಿಂದ ಎಷ್ಟೋ ದಿನ ಮನೆಯಲ್ಲಿ ಮಾತು ಉಪ್ಪು ಖಾರಕ್ಕಷ್ಟೇ ಸೀಮಿತವಾಯಿತು. ಬೆಳಿಗ್ಗೆ ಸೂಜಿಗಳ ದಿಂಬು ಮಾತ್ರ ತಪ್ಪದೆ ಮೇಜಿನ ತುದಿಗೆ ಬಂದು ಕೂರುತ್ತಿತ್ತು, ಸೊಸೆ ತಪ್ಪದೆ ದಾರ ಹಾಕುತ್ತಿದ್ದಳು.

ಒಂದು ದಿನ ತಾತ ಮತ್ತೆ ಕಿಟಕಿಗೆ ಬಂದರು, ಈ ಸಲ ಗೋಡೆ ಹಿಡಿಯದೆ. ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀನೇನಾ? ದನಿ ಕೇಳಿ ದಪ್ಪಗಿದ್ದೀಯ ಅಂದ್ಕೊಂಡಿದ್ದೆ. ಹೊಸ ವಿಳಾಸ ಬರ್ಕೋ ಮಗಳೇ. ಆ ಮಾಲೀಕನ ಮುಖ ಈಗ ಸರಿಯಾಗಿ ನೋಡಿದೆ, ಅಂಥವನ ಮನೆಯಲ್ಲಿ ಇರೋಕಾಗಲ್ಲ."

ಸಂಜೆ ದಾರ ಪೋಣಿಸುತ್ತಾ ಸೊಸೆ ಇದನ್ನು ತನಗೆ ತಾನೇ ಎಂಬಂತೆ ಹೇಳಿದಳು. ಅತ್ತೆ ನಗಲಿಲ್ಲ.

"ಅವರಿಗೆ ಚೆನ್ನಾಗಿ ಕಾಣಿಸುತ್ತಾ?"

"ಕೈಗಡಿಯಾರದ ಒಳಗಿನ ಸ್ಕ್ರೂ ಕೂಡ ಕಾಣುತ್ತಂತೆ."

ಅತ್ತೆ ಬೆರಳಲ್ಲಿ ಬಟ್ಟೆಯ ಅಂಚು ತಡವಿದರು. "ಈಗ ನಾನು ಎಷ್ಟನೇದು?"

"ಮೂರನೇದು. ಅತ್ತೆ, ನಿಮ್ಮ ದಾಖಲೆಯಲ್ಲಿ ಇನ್ನೊಂದು ತಪ್ಪಿದೆ. ವಯಸ್ಸು ಎರಡು ವರ್ಷ ಜಾಸ್ತಿ ಬಿದ್ದಿದೆ. ಸರಿ ಮಾಡಲಾ? ಈಗ ಮಾಡಿದ್ರೆ ಏನೂ ಆಗಲ್ಲ. ದಿನ ಒಳಗೇ ಇದೆ."

"ಮುಟ್ಟಬೇಡ!" ಎಂದರು ಅತ್ತೆ. ಆಮೇಲೆ ದಿಂಬಿನಿಂದ ದಾರ ಹಾಕಿದ ಸೂಜಿಯೊಂದನ್ನು ತಡವಿ ಕಿತ್ತುಕೊಂಡರು. "ಕಣ್ಣು ಬಂದ ಮೇಲೆ ನಾನೇ ಬಂದು ನಿನ್ನ ಕಂಪ್ಯೂಟರ್ ಮುಂದೆ ಕೂತು ಓದ್ತೀನಿ, ಇನ್ನೂ ಏನೇನು ತಪ್ಪು ಬರೆದಿದ್ದೀಯ ಅಂತ. ಅಲ್ಲಿ ತನಕ ಒಂದೂ ಅಳಿಸಬೇಡ."